ಮಗಳು ಉತ್ತರ ಮಿನ್ನೆಸೋಟದ ಸಣ್ಣ ಊರಿಗೆ ಹೊರಟಿದ್ದಾಳೆ, ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು: ಸಾಗರದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಹಳ್ಳಿ. ಮಗಳಿಗೆ 16 ವರ್ಷ. ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ, ಅಂದರೆ ಅಲ್ಲಿಯ ಒಂದು ಹೋಸ್ಟ್ ಕುಟುಂಬದ ಮನೆಯಲ್ಲಿದ್ದು ಅಲ್ಲಿಯ ಶಾಲೆಗೆ ಹೋಗಲು, ಆಯ್ಕೆಯಾಗಿ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದಾಳೆ, ಹತ್ತು ತಿಂಗಳಿಗೆ. ಸಿಕ್ಕಿರುವ ಊರು ಮಿನ್ನೆಸೋಟದ ಉತ್ತರದಲ್ಲಿದೆ, ಬೆಮಿಡ್ಜಿ ಅನ್ನುವ ಪಟ್ಟಣದಿಂದ ಒಂದು ಗಂಟೆ ದಾರಿಯಂತೆ. ಒಂದು ಶಾಲೆ, ಒಂದು ಪೆಟ್ರೋಲ್ ಬಂಕ್, ಸುತ್ತ ಕಾಡು, ಕೆರೆ. ನಾವು ಸಸ್ಯಾಹಾರಿಗಳು. ಅವಳಿಗೆ ಮಾತು ಕಡಿಮೆ. ಚಳಿ ಮೈನಸ್ 30ಕ್ಕೆ ಇಳಿಯುತ್ತದೆ ಎಂದು ಓದಿದಾಗಿನಿಂದ ನನಗೆ ನಿದ್ದೆ ಬರುತ್ತಿಲ್ಲ. ಏನು ಕೊಟ್ಟು ಕಳಿಸಲಿ, ಏನು ಹೇಳಿ ಕಳಿಸಲಿ?

ಉತ್ತರ: ಕೊಡಗಿನವಳು, 2018-19ರಲ್ಲಿ ಅದೇ ಭಾಗದಲ್ಲಿ ಇದ್ದೆ

ಅಕ್ಕಾ, ಚಳಿಯ ವಿಷಯ ಇಲ್ಲಿ ಯಾರಾದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಆ "ಮಾತು ಕಡಿಮೆ" ಅಂದಿರಲ್ಲ, ಅದರಿಂದ ಶುರು ಮಾಡುತ್ತೇನೆ. ನಾನೂ ಹಾಗೇ ಇದ್ದೆ, ಅದರಿಂದ ಕಷ್ಟಪಟ್ಟೆ.

ನಾನು ಹೋದದ್ದು 2018ರ ಆಗಸ್ಟ್ ಮೊದಲ ವಾರ. ಹೋಗಿ ಹತ್ತು ದಿನ ಆಗಿತ್ತು ಅಷ್ಟೆ, ಕೊಡಗಿನಲ್ಲಿ ಗುಡ್ಡಗಳು ಕುಸಿದವು. ನಮ್ಮ ಮನೆಗೆ ಏನೂ ಆಗಿರಲಿಲ್ಲ, ಆದರೆ ಎರಡು ದಿನ ಮನೆಯವರ ಫೋನ್ ಸಿಗಲಿಲ್ಲ. ನಾನು ಹೋಸ್ಟ್ ಮನೆಯವರಿಗೆ ಒಂದು ಮಾತೂ ಹೇಳಲಿಲ್ಲ. ಹೊಸ ಮನೆ, ಬಂದ ತಕ್ಷಣ ಅಳುತ್ತಾ ಕೂತರೆ ಏನು ಅಂದುಕೊಳ್ಳುತ್ತಾರೆ ಅಂತ ಸುಮ್ನೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಅವರು ನನಗೆ ಆ ಮನೆ ಹಿಡಿಸಿಲ್ಲ ಅಂದುಕೊಂಡಿದ್ದರು. ಮೂರನೇ ದಿನ ಹೋಸ್ಟ್ ಅಮ್ಮ ಬಾಗಿಲು ತಟ್ಟಿ ನೇರವಾಗಿ ಕೇಳಿದರು, ಆಗ ಹೇಳಿದೆ. ಆ ರಾತ್ರಿ ಅವರು, ಅವರ ಗಂಡ, ಇಬ್ಬರೂ ಎರಡು ಗಂಟೆವರೆಗೆ ನನ್ನ ಜೊತೆ ಕೂತು ನಕ್ಷೆ ತೆಗೆದು ನಮ್ಮ ಊರು ಎಲ್ಲಿ, ರಸ್ತೆ ಎಲ್ಲಿ ಕಡಿದಿದೆ ಎಂದು ನೋಡಿದರು. ಅಪ್ಪನ ಫೋನ್ ಬಂದಾಗ ನನಗಿಂತ ಮೊದಲು ಅತ್ತದ್ದು ಹೋಸ್ಟ್ ಅಮ್ಮ.

ಅದಾದ ಮೇಲೂ ಕಲಿಯಲು ನನಗೆ ಸಮಯ ಹಿಡಿಯಿತು. ನಮ್ಮಲ್ಲಿ ಊಟಕ್ಕೆ ಕೂತಾಗ ಇನ್ನೊಂದು ಚೂರು ಬಡಿಸಲಾ ಎಂದರೆ ಮೊದಲು ಬೇಡ ಅನ್ನುತ್ತೇವೆ, ಅವರು ಒತ್ತಾಯ ಮಾಡಿ ಹಾಕುತ್ತಾರೆ, ಅಲ್ವಾ? ನಾನು ಅಲ್ಲೂ ಬೇಡ ಅಂದೆ. ಅವರು ಪಾತ್ರೆ ಎತ್ತಿಟ್ಟರು. ಸೆಪ್ಟೆಂಬರ್ ಇಡೀ ಅರ್ಧ ಹೊಟ್ಟೆಯಲ್ಲಿ ಮಲಗಿದ್ದೇನೆ. ಅವರದ್ದು ತಪ್ಪಿಲ್ಲ, ಬೇಡ ಅಂದವಳು ನಾನು. ಆದ್ದರಿಂದ ಮಗಳಿಗೆ ಈಗಲೇ ಮನೆಯಲ್ಲಿ ಅಭ್ಯಾಸ ಮಾಡಿಸಿ: ಹಸಿವಾಗಿದೆ, ಚಳಿಯಾಗುತ್ತಿದೆ, ನನಗೆ ಅರ್ಥ ಆಗಲಿಲ್ಲ, ಇವತ್ತು ಮನೆ ನೆನಪಾಗುತ್ತಿದೆ. ಇಂಗ್ಲಿಷಿನಲ್ಲಿ, ಬಾಯಿ ಬಿಟ್ಟು, ಮೊದಲ ಸಲವೇ ಹೇಳಬೇಕು.

ಇನ್ನು ನವೆಂಬರ್. ಅದು ಬಹಳ ಕಷ್ಟದ ತಿಂಗಳು. ತಿಂಗಳ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಇದ್ದಕ್ಕಿದ್ದಂತೆ ಸಂಜೆಯೇ ಇಲ್ಲ. ಡಿಸೆಂಬರ್ ಹೊತ್ತಿಗೆ ಸೂರ್ಯ ಹುಟ್ಟುವುದು ಎಂಟರ ನಂತರ, ನಾಲ್ಕೂವರೆಗೆ ಮುಳುಗಿಯಾಯಿತು. ಕತ್ತಲಲ್ಲಿ ಹಳದಿ ಬಸ್ ಹತ್ತಿ, ಕತ್ತಲಲ್ಲಿ ಇಳಿಯುವುದು. ಪಕ್ಕದ ಮನೆ ಅರ್ಧ ಮೈಲಿ ದೂರ. ಎಕ್ಸ್‌ಚೇಂಜ್ ಮಕ್ಕಳು ಕಾರು ಓಡಿಸುವ ಹಾಗಿಲ್ಲ, ಬೇರೆ ಬಸ್ಸೂ ಇಲ್ಲ. ಆಗ ರೂಮಿಗೆ ಹೋಗಿ ಹೊದ್ದುಕೊಂಡು ಫೋನ್ ಹಿಡಿದರೆ ಮುಗಿಯಿತು, ಜನವರಿವರೆಗೆ ಏಳಲು ಆಗುವುದಿಲ್ಲ. ನನ್ನನ್ನು ಉಳಿಸಿದ್ದು ಶಾಲೆಯ ನಾಟಕ. ಮಿನ್ನೆಸೋಟದ ಹೈಸ್ಕೂಲುಗಳಲ್ಲಿ ಚಳಿಗಾಲದಲ್ಲಿ ಏಕಾಂಕ ಸ್ಪರ್ಧೆ ಇರುತ್ತದೆ. ನಾನು ವೇದಿಕೆ ಹತ್ತಲಿಲ್ಲ, ಲೈಟ್ ನೋಡಿಕೊಳ್ಳುತ್ತಿದ್ದೆ. ವಾರಕ್ಕೆ ನಾಲ್ಕು ಸಂಜೆ ಬೆಚ್ಚಗಿನ ಹಾಲ್, ಹನ್ನೆರಡು ಜನ, ಕೈಗೆ ಒಂದು ಕೆಲಸ. ಮಾತು ಕಡಿಮೆ ಇರುವ ಮಗುವಿಗೆ ಪಾರ್ಟಿಗಿಂತ ಇಂಥದ್ದು ನೂರು ಪಾಲು ಒಳ್ಳೆಯದು. ಬ್ಯಾಂಡ್, ರೋಬಾಟಿಕ್ಸ್, ಸ್ಕೀ ತಂಡ, ಏನಾದರೂ ಆಗಲಿ. ಅಕ್ಟೋಬರ್ ಮುಗಿಯುವುದರೊಳಗೆ ಒಂದಕ್ಕೆ ಹೆಸರು ಕೊಡಲಿ.

ಅದೇ ನವೆಂಬರ್‌ನಲ್ಲಿ ಜಿಂಕೆ ಬೇಟೆಯ ಕಾಲ ಶುರುವಾಗುತ್ತದೆ. ಗ್ಯಾರೇಜಿನಲ್ಲಿ ಜಿಂಕೆ ತೂಗುಹಾಕಿರುವುದನ್ನು ಅವಳು ನೋಡಬಹುದು, ಮೊದಲೇ ಹೇಳಿ ಕಳಿಸಿ. ಆ ದಿನಗಳಲ್ಲಿ ಕಾಡಿನ ಹತ್ತಿರ ನಡೆಯುವುದಾದರೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಲೇಬೇಕು. ನನಗೆ ಇದರಿಂದ ಒಂದು ಸ್ನೇಹ ಸಿಕ್ಕಿತು. ಹೋಸ್ಟ್ ಮನೆಯ ತಾತ ಯಾರ ಜೊತೆಯೂ ಜಾಸ್ತಿ ಮಾತಾಡುವವರಲ್ಲ. ಅವರಿಗೆ ಕೈಲ್ ಪೊಳ್ದ್ ಹಬ್ಬದ ಬಗ್ಗೆ, ಕೋವಿಗೆ ಹೂವಿಟ್ಟು ಪೂಜೆ ಮಾಡುವುದರ ಬಗ್ಗೆ ಹೇಳಿದೆ. ಮರುದಿನ ತಮ್ಮ ಅಪ್ಪನ ಹಳೇ ಬಂದೂಕು ತಂದು ತೋರಿಸಿದರು, ಅದರ ಕಥೆ ಒಂದು ಗಂಟೆ ನಡೆಯಿತು. ನಿಮ್ಮ ಮಗಳು ಅಡಿಕೆ ಕೊಯ್ಲಿನ ಬಗ್ಗೆ ಹೇಳಲಿ. ಅಲ್ಲಿಯವರೂ ಕಾಡು, ಹೊಲ, ಮಳೆ ನಂಬಿ ಬದುಕುವವರು, ಕಿವಿಗೊಟ್ಟು ಕೇಳುತ್ತಾರೆ.

ಇನ್ನೊಂದು. ಆ ಭಾಗದಲ್ಲಿ ಅಮೆರಿಕದ ಮೂಲನಿವಾಸಿಗಳಾದ ಒಜಿಬ್ವೆ ಜನರ ಊರುಗಳಿವೆ, ಲೀಚ್ ಲೇಕ್, ರೆಡ್ ಲೇಕ್, ವೈಟ್ ಅರ್ತ್. ತರಗತಿಯಲ್ಲೇ ಆ ಮಕ್ಕಳು ಇರಬಹುದು. ನಾನು "ಇಂಡಿಯನ್" ಅಂದಾಗಲೆಲ್ಲ ಅಲ್ಲಿ ಮೂಲನಿವಾಸಿ ಎಂಬ ಬೇರೆ ಅರ್ಥ ಹೋಗುತ್ತಿತ್ತು. ಭಾರತದಿಂದ ಬಂದವಳು ಎಂದೇ ಹೇಳುವುದು ಒಳ್ಳೆಯದು.

ಉತ್ತರ: ಮಿನಿಯಾಪೊಲಿಸ್‌ನಿಂದ, ಊರು ಹಾಸನ

ಮೇಡಂ, ಬಟ್ಟೆಯ ವಿಷಯ ನಾನು ಹೇಳುತ್ತೇನೆ. ಬೆಂಗಳೂರಿನಲ್ಲಿ ದೊಡ್ಡ ಜಾಕೆಟ್‌ಗೆ ದುಡ್ಡು ಹಾಕಬೇಡಿ. ಅಲ್ಲಿ ಸಿಗುವುದು ಮನಾಲಿ ಪ್ರವಾಸಕ್ಕೆ ಸರಿ, ಇಲ್ಲಿಗೆ ಸಾಲದು. ಉಣ್ಣೆಯ ಥರ್ಮಲ್ ಎರಡು ಜೊತೆ ಕೊಟ್ಟು ಕಳಿಸಿ, ಸಾಕು. ಮಿಕ್ಕಿದ್ದು ಇಲ್ಲಿಯ ಹಳೇ ಬಟ್ಟೆ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಎಷ್ಟೋ ಸಲ ಹೋಸ್ಟ್ ಮನೆಯಲ್ಲೇ ಇರುತ್ತದೆ.

ಮೈಗೆ ತಾಗುವ ಬಟ್ಟೆ ಕಾಟನ್ ಬೇಡ. ಬೆವರು ಹೀರಿ ಒದ್ದೆಯಾದರೆ ಮೈ ಬೇಗ ತಣ್ಣಗಾಗುತ್ತದೆ. ಬೂಟು ಒಂದು ಸೈಜ್ ದೊಡ್ಡದಿರಲಿ, ದಪ್ಪ ಕಾಲುಚೀಲ ಹಾಕಿ ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ ನಾಲ್ಕು ಬೆರಳು ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ತಲೆಸ್ನಾನ ರಾತ್ರಿಯೇ ಮುಗಿಸಲಿ, ಒದ್ದೆ ಕೂದಲಲ್ಲಿ ಹೊರಗೆ ಹೋದರೆ ಅದು ಕಡ್ಡಿಯಂತೆ ಗಟ್ಟಿಯಾಗುತ್ತದೆ. ಫೋನ್ ಒಳಜೇಬಿನಲ್ಲಿ ಇಡಬೇಕು, ಇಲ್ಲದಿದ್ದರೆ ಬ್ಯಾಟರಿ ಸತ್ತುಹೋಗುತ್ತದೆ.

ಮನೆ, ಶಾಲೆ ಒಳಗೆ ಹೀಟರ್ ಇರುವುದರಿಂದ ಬೆಚ್ಚಗೇ ಇರುತ್ತದೆ, ಆ ಭಯ ಬೇಡ. ಆದರೆ ಗಾಳಿ ಒಣಗಿರುತ್ತದೆ. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರಬಹುದು. ವ್ಯಾಸಲೀನ್ ಹಚ್ಚಲಿ, ನೀರು ಜಾಸ್ತಿ ಕುಡಿಯಲಿ.

ಹವಾಮಾನದಲ್ಲಿ ವಿಂಡ್ ಚಿಲ್ ಅಂತ ಒಂದು ಅಂಕಿ ಹೇಳುತ್ತಾರೆ, ಗಾಳಿ ಸೇರಿಸಿ ಮೈಗೆ ಎಷ್ಟು ಚಳಿ ತಾಗುತ್ತದೆ ಎನ್ನುವುದು. ಅದು ಮೈನಸ್ 28 ಸೆಲ್ಸಿಯಸ್ ಸುಮಾರಿಗೆ ಬಂದರೆ ಮುಚ್ಚದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಕಿವಿ, ಮೂಗಿನ ತುದಿ, ಬೆರಳು ಬಿಳಚಿಕೊಂಡು ಸ್ಪರ್ಶ ಗೊತ್ತಾಗದಿದ್ದರೆ ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಒಳಗೆ ಹೋಗಿ ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು, ದೊಡ್ಡವರಿಗೆ ಹೇಳಬೇಕು. ಇಲ್ಲಿ ಫ್ಯಾರನ್‌ಹೀಟ್ ಲೆಕ್ಕ, ಮೈನಸ್ 40ರಲ್ಲಿ ಮಾತ್ರ ಎರಡೂ ಒಂದೇ ಆಗುತ್ತವೆ. 2019ರ ಜನವರಿ ಕೊನೆಯಲ್ಲಿ ನಮ್ಮ ಮಿನಿಯಾಪೊಲಿಸ್‌ನಲ್ಲೇ ಮೈನಸ್ 33 ಸೆಲ್ಸಿಯಸ್ ಇತ್ತು. ಅಷ್ಟಾದಾಗ ಶಾಲೆಗೆ ರಜೆ ಕೊಟ್ಟುಬಿಡುತ್ತಾರೆ.

ಕೆರೆ ಹೆಪ್ಪುಗಟ್ಟಿದ ಮೇಲೆ ಜನ ಅದರ ಮೇಲೆ ಗುಡಿಸಲಿಟ್ಟು ಮೀನು ಹಿಡಿಯುತ್ತಾರೆ. ನಡೆಯಲು ಕನಿಷ್ಠ 4 ಇಂಚು ಗಟ್ಟಿ ಹೊಸ ಮಂಜುಗಡ್ಡೆ ಬೇಕು ಎಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಒಬ್ಬಳೇ ಕಾಲಿಡಬಾರದು, ಇದನ್ನು ಗಟ್ಟಿಯಾಗಿ ಹೇಳಿ.

ಬೆಮಿಡ್ಜಿಯಿಂದ ನಮ್ಮಲ್ಲಿಗೆ ಸುಮಾರು 350 ಕಿಲೋಮೀಟರ್. ಮೇಪಲ್ ಗ್ರೋವ್‌ನಲ್ಲಿ ದೊಡ್ಡ ಹಿಂದೂ ದೇವಸ್ಥಾನ ಇದೆ. ಹೋಸ್ಟ್ ಮನೆಯವರು ಯಾವಾಗಲಾದರೂ ಈ ಕಡೆ ಬಂದರೆ ಅಲ್ಲಿಗೆ ಕರೆದುಕೊಂಡು ಬರಲು ಹೇಳಲಿ.

ಉತ್ತರ: ಧಾರವಾಡದಿಂದ, ಮಗ ಫಿನ್‌ಲೆಂಡ್‌ನಲ್ಲಿ ಒಂದು ವರ್ಷ ಇದ್ದ

ತಂಗೀ, ನಾನು ತಂದೆಯಾಗಿ ನನ್ನ ತಪ್ಪು ಹೇಳುತ್ತೇನೆ. ಮಗ ಉತ್ತರ ಫಿನ್‌ಲೆಂಡಿನ ಹಳ್ಳಿಯಲ್ಲಿದ್ದ. ಚಳಿಗಾಲದಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ ಅಷ್ಟೆ, ಹಾಗಾಗಿ ದಿನಾ ಫೋನ್ ಮಾಡುತ್ತಿದ್ದೆವು. ಅವನ ತಾಯಿ ಅಳುವುದು, ಅಜ್ಜಿ ಅಳುವುದು, ಇವತ್ತು ಏನು ತಿಂದೆ ಎಂದು ಕೇಳುವುದು. ಅವನಿಗೆ ಅಲ್ಲಿಯ ದಿನ ಶುರುವೇ ಆಗಲಿಲ್ಲ. ಡಿಸೆಂಬರ್‌ನಲ್ಲಿ ಅವನನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ನನಗೇ ಪತ್ರ ಬರೆದು, ವಾರಕ್ಕೆ ಒಮ್ಮೆ ಮಾಡಿ ಎಂದು ಕೇಳಿಕೊಂಡರು. ನನಗೆ ಸಿಟ್ಟು ಬಂತು. ಆದರೆ ಮಾಡಿದೆವು. ಜನವರಿ ಕೊನೆಗೆ ಅವನ ದನಿಯೇ ಬೇರೆ ಆಗಿತ್ತು.

ನಿಮಗೆ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅವಳ ಭಾನುವಾರ ಬೆಳಿಗ್ಗೆ ಎಂಟು ನಿಮ್ಮ ಸಂಜೆ ಏಳೂವರೆ. ಆ ಒಂದು ಹೊತ್ತು ನಿಗದಿ ಮಾಡಿಕೊಳ್ಳಿ. ನಿಮಗೆ ದುಃಖ ಬಂದರೆ ನಮ್ಮಂಥವರಿಗೆ ಫೋನ್ ಮಾಡಿ, ಅವಳಿಗೆ ಬೇಡ.

ಉತ್ತರ: ಉತ್ತರ ಡಕೋಟಾದಲ್ಲಿ ಇದ್ದವನು

ನನ್ನ ಮೊದಲ ಮನೆ ಸರಿ ಇರಲಿಲ್ಲ. ನೆಲಮಾಳಿಗೆಯಲ್ಲಿ ರೂಮು, ಅಲ್ಲಿಗೆ ಹೀಟರ್ ಬಿಸಿ ತಲುಪುತ್ತಿರಲಿಲ್ಲ. ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದೆ. ಮನೆ ಬದಲಿಸಲು ಕೇಳಿದರೆ ವಾಪಸ್ ಕಳಿಸುತ್ತಾರೆ ಅಂತ ಹೆದರಿ ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಹೇಳಿದ ಮೇಲೆ ಹತ್ತು ದಿನದಲ್ಲಿ ಬೇರೆ ಮನೆ ಸಿಕ್ಕಿತು, ಆ ಮನೆಯವರ ಜೊತೆ ಇವತ್ತಿಗೂ ಮಾತಾಡುತ್ತೇನೆ.

ನಿಯಮ ತಿಳಿದಿರಲಿ. ಎಕ್ಸ್‌ಚೇಂಜ್‌ಗೆ ಕೊಡುವ ಜೆ-1 ವೀಸಾದಲ್ಲಿ ಹೋಗುವ ಶಾಲಾ ಮಕ್ಕಳಿಗೆ ಕಾರ್ಯಕ್ರಮದ ಕಡೆಯಿಂದ ಸ್ಥಳೀಯ ಕೋಆರ್ಡಿನೇಟರ್ ಒಬ್ಬರು ಇರಲೇಬೇಕು, ತಿಂಗಳಿಗೊಮ್ಮೆ ಮಗುವನ್ನು ಮಾತಾಡಿಸಬೇಕು. ಆ ಮಾತು ಹೋಸ್ಟ್ ಮನೆಯವರ ಎದುರಿಗೇ ಆಗುತ್ತಿದ್ದರೆ, ಒಬ್ಬಳೇ ಮಾತಾಡಬೇಕು ಎಂದು ಅವಳು ಕೇಳಬಹುದು. ಅಮೆರಿಕದ ಸ್ಟೇಟ್ ಡಿಪಾರ್ಟ್‌ಮೆಂಟ್‌ಗೆ ಈ ಮಕ್ಕಳಿಗಾಗಿಯೇ ಸಹಾಯವಾಣಿ ಇದೆ. ಆ ನಂಬರ್ ಫೋನಿನಲ್ಲೂ ಇರಲಿ, ಕಾಗದದಲ್ಲೂ ಇರಲಿ.

ಸಾಗರದ ತಾಯಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಕೊಡಗಿನ ತಂಗೀ, ಊಟದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೀರಾ? ನಿಮ್ಮ ಮಾತನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ. ನಮ್ಮಲ್ಲಿ ಹಂಚಿನ ಮೇಲೆ ಮಳೆ ಸದ್ದು ಕೇಳುತ್ತಾ ಮಲಗುತ್ತೇವಲ್ಲ, ಹಿಮ ಬೀಳುವಾಗ ಸದ್ದು ಬರುತ್ತದಾ ಅಂತ.

ಉತ್ತರ: ಕೊಡಗಿನವಳು

ನಾನು ಮಾಂಸ ತಿನ್ನುವವಳು, ಆದರೆ ನಮ್ಮ ಶಾಲೆಯಲ್ಲೇ ಇನ್ನೊಬ್ಬ ಎಕ್ಸ್‌ಚೇಂಜ್ ಹುಡುಗಿ ಸಸ್ಯಾಹಾರಿ ಇದ್ದಳು, ಅವಳಿಂದ ಕಲಿತದ್ದು ಹೇಳುತ್ತೇನೆ. ವೆಜಿಟೇರಿಯನ್ ಎಂದಷ್ಟೇ ಬರೆದರೆ ಸಾಲದು. ಮಾಂಸ, ಕೋಳಿ, ಮೀನು, ಮಾಂಸದ ರಸದ ಸೂಪ್, ಪ್ರಾಣಿಗಳ ಮೂಳೆ ಚರ್ಮದಿಂದ ಮಾಡುವ ಜೆಲಟಿನ್, ಇವು ಬೇಡ ಎಂದು ಒಂದೊಂದನ್ನೂ ಬಿಡಿಸಿ ಈಗಲೇ ಹೋಸ್ಟ್ ಮನೆಗೆ ಬರೆಯಲಿ. ಮೊಟ್ಟೆ ಆಗುತ್ತದೋ ಇಲ್ಲವೋ ಅದನ್ನೂ ಬರೆಯಲಿ. ಮಾರ್ಷ್‌ಮೆಲ್ಲೋದಲ್ಲಿ, ಕೆಲವು ಮೊಸರಿನ ಡಬ್ಬಿಗಳಲ್ಲೂ ಜೆಲಟಿನ್ ಇರುತ್ತದೆ. ಅಲ್ಲಿ ಹಾಟ್‌ಡಿಶ್ ಅಂತ ಮಾಡುತ್ತಾರೆ, ಮಾಂಸ, ಸೂಪ್, ಮೇಲೆ ಆಲೂಗಡ್ಡೆ ತುಂಡು ಹಾಕಿ ಓವನ್‌ನಲ್ಲಿ ಬೇಯಿಸುವುದು. ಆ ಹುಡುಗಿಗೆ ಚಿಕ್ಕ ಪಾತ್ರೆಯಲ್ಲಿ ಮಾಂಸದ ಬದಲು ಬೀನ್ಸ್ ಹಾಕಿ ಬೇರೆಯೇ ಮಾಡುತ್ತಿದ್ದರು.

ಸಾಸಿವೆ, ಇಂಗು, ಸಾರಿನ ಪುಡಿ, ಚಟ್ನಿಪುಡಿ ಪ್ಯಾಕ್ ಮಾಡಿ ಕಳಿಸಿ, ವಿಮಾನ ನಿಲ್ದಾಣದಲ್ಲಿ ಆಹಾರ ಇದೆ ಎಂದು ಅಧಿಕಾರಿಗಳಿಗೆ ತಿಳಿಸಲಿ. ಹಸಿ ಕರಿಬೇವು ಮಾತ್ರ ಒಯ್ಯುವ ಹಾಗಿಲ್ಲ. ಅಲ್ಲಿ ಕೆರೆಗಳಲ್ಲಿ ಬೆಳೆಯುವ ವೈಲ್ಡ್ ರೈಸ್ ಸಿಗುತ್ತದೆ, ಒಜಿಬ್ವೆ ಜನ ದೋಣಿಯಲ್ಲಿ ಹೋಗಿ ಕೋಲಿನಿಂದ ಬಡಿದು ಕೊಯ್ಯುತ್ತಾರೆ, ಮನೂಮಿನ್ ಅನ್ನುತ್ತಾರೆ. ಕಪ್ಪಗೆ, ಉದ್ದಕ್ಕೆ ಇರುತ್ತದೆ, ಬೇಯಲು ಮುಕ್ಕಾಲು ಗಂಟೆ ಬೇಕು. ನಾವಿಬ್ಬರೂ ಸೇರಿ ಅದರಲ್ಲಿ ಚಿತ್ರಾನ್ನ ಮಾಡಿದ್ದೆವು, ಮನೆಯವರೆಲ್ಲ ಎರಡು ಸಲ ಹಾಕಿಸಿಕೊಂಡರು. ಒಂದು ಅಡುಗೆಯನ್ನಾದರೂ ಅವಳು ಕೈಯಾರೆ ಕಲಿತು ಹೋಗಲಿ.

ಮೇ ತಿಂಗಳಲ್ಲಿ ಇಟಾಸ್ಕಾ ಕೆರೆಗೆ ಕರೆದುಕೊಂಡು ಹೋಗಲು ಹೇಳಲಿ. ಮಿಸಿಸಿಪ್ಪಿ ನದಿ ಹುಟ್ಟುವುದು ಅಲ್ಲೇ. ಕಲ್ಲುಗಳ ಮೇಲೆ ಕಾಲಿಟ್ಟು ನಾಲ್ಕೈದು ಹೆಜ್ಜೆಗೆ ಆ ನದಿಯನ್ನು ದಾಟಬಹುದು. ತಲಕಾವೇರಿ ನೋಡಿ ಬೆಳೆದ ನನಗೆ ಅಲ್ಲಿ ನಿಂತಾಗ ತುಂಬ ಹೊತ್ತು ಮಾತೇ ಬರಲಿಲ್ಲ.

ಅವಳ ಪ್ರಶ್ನೆಗೆ: ಬೀಳುವಾಗ ಸದ್ದಿಲ್ಲ ಪುಟ್ಟಿ. ಇದ್ದ ಸದ್ದೂ ಕಡಿಮೆಯಾಗುತ್ತದೆ, ದೂರದ ರಸ್ತೆಯ ಲಾರಿ ಕೂಡ ಕೇಳುವುದಿಲ್ಲ. ಬೆಳಿಗ್ಗೆ ಕಿಟಕಿಯ ಬೆಳಕು ಬೇರೆ ಥರ ಇದ್ದರೆ ರಾತ್ರಿ ಹಿಮ ಬಿದ್ದಿದೆ ಅಂತ ಗೊತ್ತಾಗುತ್ತದೆ. ಆದರೆ ತುಂಬ ಚಳಿಯ ದಿನ ಅದರ ಮೇಲೆ ನಡೆದರೆ ಕಾಲಡಿಯಲ್ಲಿ ಕಿರ್ ಕಿರ್ ಅನ್ನುತ್ತದೆ. ಮೊದಲ ಸಲ ಕೇಳಿದಾಗ ನನಗೆ ಬರೆದು ತಿಳಿಸು.