ನಮ್ಮ ಕ್ವಾಯರ್ ಮಾಸ್ಟ್ರಿಗೆ ಶಾಲು, ಹಾರ ಬಿಟ್ಟು ಬೇರೆ ಏನು ಮಾಡಬಹುದು?

ಪ್ರಶ್ನೆ: ಆಲ್ಟೋ ಸಾಲಿನವಳು, ಉಡುಪಿ

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಕ್ವಾಯರ್, ಅಂದರೆ ಹಾಡುವ ತಂಡದ ಮಾಸ್ಟ್ರು ಈ ಕ್ರಿಸ್ಮಸ್ ಮುಗಿದ ಮೇಲೆ ಜವಾಬ್ದಾರಿ ಬಿಡುತ್ತಿದ್ದಾರೆ. ನಲವತ್ತು ವರ್ಷಕ್ಕೂ ಜಾಸ್ತಿ ನಡೆಸಿದವರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಕ್ವಾಯರಿಗೆ ಅಂತ ಒಂದು ಪೈಸೆ ತೆಗೆದುಕೊಂಡವರಲ್ಲ. ಕಮಿಟಿಯವರು ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ, ನಾಲ್ಕು ಜನರ ಭಾಷಣ ಅಂತ ಪಟ್ಟಿ ಮಾಡಿದ್ದಾರೆ. ಅದೆಲ್ಲ ಇರಲಿ. ಆದರೆ ಅಷ್ಟಕ್ಕೇ ಮುಗಿಸಿದರೆ ನನಗೆ ಸಮಾಧಾನ ಆಗುವುದಿಲ್ಲ.

ಅವರು ಮಾಡಿದ ಕೆಲಸ ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ, ಯುರೋಪಿನ ರಾಗಗಳಿಗೆ ಕನ್ನಡ ಮಾತು ಕೂಡಿಸಿ ಹಾಡುವ ರೂಢಿ ನಮ್ಮ ಕಡೆ ಬೆಳೆಯಿತು. ಆ ರಾಗದಲ್ಲಿ ಸ್ವರ ಉದ್ದ ನಿಲ್ಲುವ ಕಡೆ ಕನ್ನಡದ ಹ್ರಸ್ವ ಅಕ್ಷರ ಬಂದು ಕೂತಿರುತ್ತದೆ. ಬಲ ಅಂತ ಹಾಡಲು ಹೋದರೆ ಬಾಲ ಅಂತ ಕೇಳಿಸುತ್ತದೆ. ಮಾಸ್ಟ್ರು ಇಂಥ ಜಾಗ ಒಂದೊಂದನ್ನೂ ಹುಡುಕಿ, ಉದ್ದ ಸ್ವರವನ್ನು ಎರಡಾಗಿ ಒಡೆದು, ಮುಂದಿನ ಅಕ್ಷರವನ್ನು ಸ್ವಲ್ಪ ಬೇಗ ತಂದು ಸರಿಮಾಡಿದ್ದಾರೆ. ನಾವು ಹಾಡುವುದು ನಾಲ್ಕು ಸಾಲಾಗಿ, ಒಟ್ಟಿಗೇ ಬೇರೆ ಬೇರೆ ಸ್ವರದಲ್ಲಿ: ಸೊಪ್ರಾನೋ, ಆಲ್ಟೋ ಅಂದರೆ ಹೆಂಗಸರ ಮೇಲಿನ, ಕೆಳಗಿನ ಧ್ವನಿ, ಟೆನರ್, ಬಾಸ್ ಅಂದರೆ ಗಂಡಸರ ಮೇಲಿನ, ಕೆಳಗಿನ ಧ್ವನಿ. ಸೊಪ್ರಾನೋ ಒಂದಕ್ಕೇ ಮಾಡಿದರೆ ಆಗುವುದಿಲ್ಲ ಅಲ್ವಾ? ಆಲ್ಟೋ, ಟೆನರ್, ಬಾಸ್ ಎಲ್ಲಾ ಸಾಲನ್ನೂ ಮತ್ತೆ ಬರೆಯಬೇಕು. ಹಾಗೆ ಬರೆದ ಲಾಂಗ್ ನೋಟ್‌ಬುಕ್‌ಗಳು ಅವರ ಮನೆಯ ಕಬ್ಬಿಣದ ಟ್ರಂಕಿನಲ್ಲಿವೆ. ನಮ್ಮ ಸ ರಿ ಗ ಇದ್ದ ಹಾಗೆ ಅವರ ಡೋ ರೇ ಮಿ, ಎಲ್ಲಾ ಕನ್ನಡ ಅಕ್ಷರದಲ್ಲೇ. ಒಂದೊಂದು ಸಾಲಿಗೆ ಒಂದೊಂದು ಬಣ್ಣದ ಶಾಯಿ. ಉಸಿರು ತೆಗೆದುಕೊಳ್ಳುವ ಕಡೆ ಪೆನ್ಸಿಲಿನ ಗೆರೆ.

ಪ್ರಾಕ್ಟೀಸ್ ಶನಿವಾರ ಸಂಜೆ. ಟ್ಯೂನಿಂಗ್ ಫೋರ್ಕನ್ನು (ತಟ್ಟಿದರೆ ಒಂದೇ ಸ್ವರ ಕೊಡುವ ಲೋಹದ ಕವಲುಕಡ್ಡಿ) ಮೊಣಕಾಲಿಗೆ ತಟ್ಟಿ, ಕಿವಿ ಹತ್ತಿರ ಹಿಡಿದು, ಪ್ರತಿ ಸಾಲಿಗೂ ಅವರವರ ಸ್ವರ ಗುನುಗಿ ಕೊಡುತ್ತಾರೆ. ಮೊದಲು ಬಾಸ್, ಆಮೇಲೆ ಆಲ್ಟೋ, ಟೆನರ್. ಸೊಪ್ರಾನೋ ಕೊನೆಗೆ. ರಾಗ ಇರುವುದು ಸೊಪ್ರಾನೋದವರ ಬಾಯಲ್ಲಿ. ಅದು ಮೊದಲೇ ಕಿವಿಗೆ ಬಿದ್ದರೆ ಉಳಿದವರೆಲ್ಲ ಅದರ ಹಿಂದೆಯೇ ಹೋಗಿಬಿಡುತ್ತಾರೆ. ನಮ್ಮ ಆಲ್ಟೋದವರಿಗೆ ಎಷ್ಟೋ ಹಾಡುಗಳಲ್ಲಿ ಎರಡು ಮೂರು ಸ್ವರ ಬಿಟ್ಟು ಆಚೆ ಹೋಗಲಿಕ್ಕಿಲ್ಲ. ಹಾಗಂತ ಮಾಸ್ಟ್ರು ಆ ಸಾಲನ್ನು ಸುಮ್ನೆ ಬಿಟ್ಟವರಲ್ಲ. ನಮ್ಮನ್ನು ಮಾತ್ರ ನಿಲ್ಲಿಸಿ ಇಡೀ ಹಾಡು ಹಾಡಿಸುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿಗೆ ಮೊದಲೇ ಸೇರಿದವಳು. ಪಕ್ಕದವರ ಸ್ವರ ಕೇಳುತ್ತಲೇ ನನ್ನ ಸ್ವರ ಬಿಡದೆ ನಿಲ್ಲುವುದನ್ನು ಕಲಿತದ್ದು ಅಲ್ಲೇ.

ಮಾಸ್ಟ್ರಿಗೆ ಈಗ ಮೊಣಕಾಲು ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಕಿವಿ ಮಾತ್ರ ಚುರುಕಾಗಿದೆ. ಇಂಥವರಿಗೆ ಒಪ್ಪುವ ಗೌರವ ಯಾವುದು? ದಯವಿಟ್ಟು ಹೇಳಿ.

ಉತ್ತರ: ಚೆನ್ನೈನಲ್ಲಿರುವ ದಾವಣಗೆರೆಯವ

ಅಕ್ಕಾ, ಹಳೆಯ ಸದಸ್ಯರನ್ನೆಲ್ಲ ಕರೆಸಿ ಹಾಡಿಸಿ. ಹಾಡಿನವರಿಗೆ ಹಾಡೇ ಸನ್ಮಾನ.

ಇಲ್ಲಿ ಎಂ.ಬಿ. ಶ್ರೀನಿವಾಸನ್ ಅಂತ ಇದ್ದರು. ಮಲಯಾಳಂ ಸಿನಿಮಾಗಳಿಗೆ ಸಂಗೀತ ಕೊಟ್ಟವರು, ಸಿನಿಮಾ ವಾದ್ಯಗಾರರಿಗೆ ಒಂದು ಸಂಘ ಕಟ್ಟಿಕೊಟ್ಟವರು. ಅದರ ಜೊತೆಗೇ ಮದ್ರಾಸ್ ಯೂತ್ ಕ್ವಾಯರ್ ಕಟ್ಟಿ, ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರ ಹಾಡುಗಳನ್ನೂ ಬೇರೆ ಬೇರೆ ಭಾಷೆಯ ಹಾಡುಗಳನ್ನೂ ಹಾರ್ಮನಿಯಲ್ಲಿ ಹಾಡಿಸಿದರು. 1988ರಲ್ಲಿ ಲಕ್ಷದ್ವೀಪಕ್ಕೆ ಹೋದಾಗ ಅಲ್ಲೇ ತೀರಿಕೊಂಡರು. ಆಮೇಲೂ ಕ್ವಾಯರ್ ನಿಲ್ಲಲಿಲ್ಲ, ಅವರು ಕಲಿಸಿದವರೇ ಮುಂದುವರಿಸಿದರು. ಶಿಲ್ಲಾಂಗ್ ಚೇಂಬರ್ ಕ್ವಾಯರ್ ಕಟ್ಟಿದ ನೀಲ್ ನೊಂಗ್‌ಕಿನ್ರಿಹ್ ಅವರಿಗೆ 2015ರಲ್ಲಿ ಪದ್ಮಶ್ರೀ ಬಂತು, 2022ರ ಜನವರಿಯಲ್ಲಿ ತೀರಿಹೋದರು. ಅವರ ಗುಂಪೂ ಹಾಡುತ್ತಿದೆ. ನನಗೆ ಪದ್ಮಶ್ರೀಗಿಂತ ಅದೇ ದೊಡ್ಡದಾಗಿ ಕಾಣುತ್ತದೆ.

ದೂರ ಇರುವವರಿಗೆ ಅವರವರ ಸಾಲನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿ. ಮನೆಯಲ್ಲೇ ಕಲಿತು ಬರಲಿ. ಮಾಸ್ಟ್ರಿಗೆ ಮೆಟ್ಟಿಲು ಆಗುವುದಿಲ್ಲವಲ್ಲ, ಚರ್ಚಿನ ಮೇಲಿನ ಗ್ಯಾಲರಿ ಬೇಡ. ಕೆಳಗೆ ನಿಂತು, ಮಾಸ್ಟ್ರ ಎದುರಿಗೇ ಹಾಡಿ.

ಉತ್ತರ: ನೊಟೇಷನ್ ಟೈಪ್ ಮಾಡುವವಳು, ಬೆಂಗಳೂರು

ಮೇಡಂ, ಮೊದಲು ಆ ಟ್ರಂಕು ತೆಗೆಸಿ. ಕರಾವಳಿಯ ಮಳೆಗಾಲ, ಗೆದ್ದಲು, ಶಾಯಿ ಹರಡುವುದು ನಿಮಗೆ ಹೇಳಬೇಕಾಗಿಲ್ಲ.

ಸ್ಕ್ಯಾನ್ ಬಣ್ಣದಲ್ಲೇ ಆಗಬೇಕು, ಕಡಿಮೆ ಅಂದರೆ 300 ಡಿಪಿಐ. ಕಪ್ಪು ಬಿಳುಪು ಜೆರಾಕ್ಸ್ ಮಾಡಿಸಿದರೆ ಯಾವುದು ಆಲ್ಟೋ, ಯಾವುದು ಟೆನರ್ ಗೊತ್ತಾಗದೆ ಹೋಗುತ್ತದೆ. ಪೆನ್ಸಿಲ್ ಗೆರೆಯಂತೂ ಬರುವುದೇ ಇಲ್ಲ. ಆಮೇಲೆ ಮ್ಯೂಸ್‌ಸ್ಕೋರ್ ಅನ್ನುವ, ಸ್ವರ ಬರೆಯುವ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ. ಅದು ಉಚಿತ, ಸ್ವರದ ಕೆಳಗೆ ಕನ್ನಡ ಸಾಹಿತ್ಯವನ್ನೂ ಹಾಕಬಹುದು. ಉಳಿದ ಸಾಲುಗಳ ಸದ್ದು ಇಳಿಸಿ ಒಂದೇ ಸಾಲನ್ನು ಕೇಳಿಸುತ್ತದೆ. ಮೇಲಿನವರು ಹೇಳಿದ ವಾಟ್ಸಾಪ್ ರೆಕಾರ್ಡಿಂಗಿಗೂ ಅದೇ ಸಾಕು.

ಒಂದು ಕೆಲಸ ಮಾತ್ರ ಮಾಸ್ಟ್ರ ಜೊತೆ ಕೂತೇ ಆಗಬೇಕು. ಈ ಡೋ ರೇ ಮಿ ಪದ್ಧತಿಯಲ್ಲಿ ಡೋ ಯಾವ ಶ್ರುತಿಯಲ್ಲಾದರೂ ಇರಬಹುದು. ಎಷ್ಟೋ ಜನ ಪುಟದ ತಲೆಯಲ್ಲಿ ಶ್ರುತಿ ಬರೆದಿಟ್ಟಿರುವುದಿಲ್ಲ, ಅವರಿಗೆ ಬಾಯಲ್ಲೇ ಇರುತ್ತದೆ. ವೇಗವೂ ಅಷ್ಟೇ. ಫೋರ್ಕ್ ಅವರ ಕೈಯಲ್ಲೇ ಇರಲಿ. ಒಂದೊಂದು ಹಾಡಿಗೂ ಶ್ರುತಿ ಹಿಡಿದು, ಎರಡು ಸಾಲು ಹಾಡಿ ತೋರಿಸಲಿ, ನೀವು ರೆಕಾರ್ಡ್ ಮಾಡಿಕೊಳ್ಳಿ. ಫ್ಯಾನ್ ಆರಿಸಿ.

ಇನ್ನೊಂದು ಮಾತು. ಹಳೆಯ ರಾಗ ಯಾರದ್ದೇ ಇರಲಿ, ಆ ಜೋಡಣೆ ಅವರದು. ಪ್ರತಿ ಪುಟದ ಮೇಲೂ ಅವರ ಹೆಸರು ಹಾಕಿ. ನಮ್ಮ ಕಾನೂನಿನಲ್ಲಿ ಇಂಥ ಕೃತಿಯ ಹಕ್ಕು ಬರೆದವರ ಕಾಲಾನಂತರವೂ 60 ವರ್ಷ ಇರುತ್ತದೆ. ಬೇರೆ ಚರ್ಚಿನವರು ಹಾಡಬಹುದು ಅಂತ ಅವರಿಗೆ ಇಷ್ಟವಿದ್ದರೆ ಬರೆಸಿಕೊಳ್ಳಿ. ಇಲ್ಲದಿದ್ದರೆ ನಾಳೆ ಮನೆಯವರಿಗೂ ಕಷ್ಟ, ನಿಮಗೂ ಕಷ್ಟ.

ಉತ್ತರ: ಹಳೆಯ ಬಾಸ್, ಮಂಗಳೂರು

ತಂಗೀ, ಹಳಬರೆಲ್ಲ ಸೇರುವುದು ಚಂದವೇ. ಆದರೆ ತಾಲೀಮಿಲ್ಲದವರನ್ನು ಸಾಲಾಗಿ ನಿಲ್ಲಿಸಬೇಡಿ. ಕಿವಿ ಚುರುಕಾಗಿದೆ ಅಂತ ನೀನೇ ಹೇಳಿದ್ದೀಯಲ್ಲ. ಜೀವಮಾನವಿಡೀ ಶ್ರುತಿ ಕಾದವರ ಎದುರಿಗೆ ಅಪಸ್ವರದಲ್ಲಿ ಹಾಡಿ ಅದನ್ನು ಗೌರವ ಅಂದರೆ ಹೇಗೆ? ಹಿಂದಿನ ದಿನ ಬಂದು ಪ್ರಾಕ್ಟೀಸಿಗೆ ನಿಂತವರು ಮಾತ್ರ ಹಾಡಲಿ. ಉಳಿದವರು ಕೂತು ಕೇಳಲಿ, ಊಟಕ್ಕೆ ಇರಲಿ.

ನಾನು ಕೇಳುವುದು ಬೇರೆ. ಅವರ ಜಾಗಕ್ಕೆ ಯಾರು? ಇಲ್ಲಿ ಎರಿಕ್ ಒಝಾರಿಯೊ 1986ರಲ್ಲಿ ಮಾಂಡ್ ಸೊಭಾಣ್ ಅನ್ನುವ ಕೊಂಕಣಿ ಸಾಂಸ್ಕೃತಿಕ ಸಂಸ್ಥೆ ಶುರುಮಾಡಿದರು. 2008ರ ಜನವರಿಯಲ್ಲಿ ಅವರ ಸಂಸ್ಥೆ 40 ಗಂಟೆ ಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು. ಅಷ್ಟು ಹೊತ್ತಿಗೆ ಒಂದು ತಂಡ ಸಾಲುತ್ತದಾ? ತಂಡದ ಹಿಂದೆ ತಂಡ ಬರಬೇಕು, ಅಂದರೆ ಕಲಿತವರು ಅಷ್ಟು ಜನ ಇರಬೇಕು. ನಿಮ್ಮಲ್ಲಿ ಹುಡುಗ ಹುಡುಗಿಯರು ಇಬ್ಬರು ಮೂವರಾದರೂ ಇದ್ದಾರಲ್ಲ, ಅವರನ್ನು ಈಗಿಂದಲೇ ಮಾಸ್ಟ್ರ ಮನೆಗೆ ಕಳಿಸಿ. ಶಾಲು, ಫಲಕದ ದುಡ್ಡು ಅವರ ಸಂಗೀತ ಪಾಠದ ಫೀಸಿಗೆ ಹೋಗಲಿ. ಮಾಸ್ಟ್ರಿಗೆ ಔಷಧಿ, ಫಿಸಿಯೋಥೆರಪಿ ಖರ್ಚು ಹೇಗೆ ನಡೆಯುತ್ತಿದೆ ಅಂತ ಯಾರಾದರೂ ಮೆತ್ತಗೆ ವಿಚಾರಿಸಿ. ಪೈಸೆ ತೆಗೆದುಕೊಳ್ಳದವರು ಬಾಯಿಬಿಟ್ಟು ಕೇಳುವುದಿಲ್ಲ.

ಮತ್ತೆ: ಆಲ್ಟೋ ಸಾಲಿನವಳು, ಉಡುಪಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣಾ, ನಿಮ್ಮ ಮಾತು ಕಮಿಟಿಯಲ್ಲಿ ಹಾಗೇ ಓದಿದೆ. ಫಲಕ ಕೈಬಿಟ್ಟರು, ಶಾಲು ಉಳಿಯಿತು. ಔಷಧಿ ವಿಷಯ ನಮ್ಮ ಚರ್ಚಿನ ಪಾದ್ರಿ ಅಯ್ಯನವರೇ ಹೋಗಿ ಮಾತಾಡುತ್ತಾರೆ. ನೋಟ್‌ಬುಕ್ ಸ್ಕ್ಯಾನ್ ಮಾಡಲು ಮಾಸ್ಟ್ರು ಒಪ್ಪಿದ್ದಾರೆ, ಆದರೆ ಟ್ರಂಕು ಮನೆಯಿಂದ ಆಚೆ ಹೋಗಬಾರದಂತೆ. ಸ್ಕ್ಯಾನರನ್ನೇ ಅಲ್ಲಿಗೆ ಒಯ್ಯುತ್ತೇವೆ. ಟೈಪ್ ಮಾಡಲು ಇಬ್ಬರು ಕಾಲೇಜು ಹುಡುಗಿಯರು ಸಿಕ್ಕಿದ್ದಾರೆ, ಬೆಂಗಳೂರಿನ ಮೇಡಂ ಒಂದು ಸಲ ವಿಡಿಯೋ ಕಾಲಿನಲ್ಲಿ ತೋರಿಸಿಕೊಟ್ಟರೆ ದೊಡ್ಡ ಉಪಕಾರ.

ಹಾಡಲು ಬಾಸ್ ಸಾಕಷ್ಟಿದ್ದಾರೆ, ಟೆನರ್ ಕಡಿಮೆ. ನಮ್ಮ ಕ್ವಾಯರಿನಲ್ಲಿ ಹಿಂದೆ ಟೆನರ್ ಹಾಡಿದವರು ದುಬೈಯಲ್ಲೋ ಮುಂಬೈಯಲ್ಲೋ ಇದನ್ನು ಓದುತ್ತಿದ್ದರೆ, ಕ್ರಿಸ್ಮಸ್‌ಗೆ ಊರಿಗೆ ಬರುವುದಿದ್ದರೆ, ಇಲ್ಲೇ ತಿಳಿಸಿ. ಹಿಂದಿನ ದಿನದ ಪ್ರಾಕ್ಟೀಸಿಗೆ ಬರಲೇಬೇಕು.