ಪುಟ್ಟು, ಬೈಕ್ ಬ್ಯಾಟರಿಯನ್ನು ಇವತ್ತು ರಾತ್ರಿಯೇ ಒಳಗೆ ತಗೊಂಡು ಹೋಗು

ಪುಟ್ಟು, ನಿನ್ನ ಮೆಸೇಜ್ ಈಗ ನೋಡಿದೆ. ಲೇಹ್‌ನಲ್ಲಿ ಬೆಳಿಗ್ಗೆ ಬೈಕಿನ ಸೆಲ್ಫ್ ಒತ್ತಿದರೆ ಟಕ್ ಟಕ್ ಅನ್ನುತ್ತದೆ, ಮೀಟರ್ ಲೈಟು ಮಂಕಾಗುತ್ತದೆ, ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ ಅಂತ ಬರೆದಿದ್ದೀಯಲ್ಲ, ಅದರಲ್ಲೇ ಉತ್ತರ ಇದೆ ಮಾರಾಯ. ಇಂಜಿನ್ ಸರಿಯಾಗೇ ಇದೆ. ಬ್ಯಾಟರಿ ಚಳಿಗೆ ಸೋತಿದೆ, ಅಷ್ಟೇ. ಗ್ರೂಪಿನ ಮಿಕ್ಕವರು ಬೇಜಾರು ಮಾಡಿಕೊಳ್ಳಬೇಡಿ, ಸ್ವಲ್ಪ ಉದ್ದ ಆಗುತ್ತದೆ. ಮಿಲಿಟರಿಯಲ್ಲಿ ಕಾರ್ಗಿಲ್ ಕಡೆ ಗಾಡಿ ರಿಪೇರಿ ಮಾಡಿಕೊಂಡಿದ್ದವನು ನಾನು, ಈ ವಿಷಯ ಬಂದರೆ ಬಾಯಿ ಮುಚ್ಚುವುದಿಲ್ಲ.

ಮೊದಲು ಗ್ರೂಪಿನಲ್ಲಿ ಬಂದ ಐಡಿಯಾಗಳಿಗೆ ಉತ್ತರ ಕೊಟ್ಟುಬಿಡುತ್ತೇನೆ. ಒಬ್ಬರು ಇಂಜಿನ್ ಮೇಲೆ ಬಿಸಿನೀರು ಸುರಿ ಅಂದಿದ್ದಾರೆ. ಅಲ್ಲಿ ಜನವರಿಯಲ್ಲಿ ನಲ್ಲಿಯ ನೀರೇ ಗಟ್ಟಿ ಆಗಿರುತ್ತದೆ, ಕುಡಿಯುವ ನೀರಿಗೇ ಪರದಾಟ, ಅದನ್ನು ಕಾಯಿಸಿ ಬೈಕಿಗೆ ಸ್ನಾನ ಮಾಡಿಸಬೇಕಾ? ಸುರಿದರೂ ಎರಡು ನಿಮಿಷದಲ್ಲಿ ಕೇಬಲ್ಲು, ಸ್ವಿಚ್ಚು, ಬ್ರೇಕಿನ ಸಂದಿಯಲ್ಲೆಲ್ಲ ಐಸ್ ಕಟ್ಟುತ್ತದೆ. ಇನ್ನೊಬ್ಬರು ಪೆಟ್ರೋಲ್ ಹೆಪ್ಪುಗಟ್ಟಿರಬೇಕು, ಕೆಳಗೆ ಪೇಪರ್ ಹಚ್ಚು ಅಂದರು. ಅದು ಡೀಸೆಲ್ ಲಾರಿಯವರ ಕಥೆ. ಡೀಸೆಲ್‌ನಲ್ಲಿ ಮೇಣದಂಥ ಅಂಶ ಇರುತ್ತದೆ, ಚಳಿಗೆ ಅದು ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೇ ಲಾರಿಯವರು ಟ್ಯಾಂಕಿನ ಕೆಳಗೆ ಬೆಂಕಿ ಹಾಕುತ್ತಿದ್ದರು. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್‌ನವರು ಲಡಾಖ್‌ಗೆ ಅಂತಲೇ ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದರು. ಪೆಟ್ರೋಲಿಗೆ ಆ ತೊಂದರೆ ಇಲ್ಲ, ಲೇಹ್ ಚಳಿಗೆ ಅದು ಹೆಪ್ಪುಗಟ್ಟುವುದಿಲ್ಲ. ಪೆಟ್ರೋಲ್ ಬೈಕಿನ ಕೆಳಗೆ ಬೆಂಕಿ ಹಾಕಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾ?

ಈಗ ಬ್ಯಾಟರಿ ವಿಷಯಕ್ಕೆ ಬರುತ್ತೇನೆ. ಅದರೊಳಗೆ ನಡೆಯುವುದು ಆಸಿಡ್ಡು ಮತ್ತು ಸೀಸದ ಕೆಲಸ, ಚಳಿ ಜಾಸ್ತಿ ಆದಷ್ಟೂ ಆ ಕೆಲಸ ನಿಧಾನ. ಮೈನಸ್ 18ರ ಹೊತ್ತಿಗೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಇಂಜಿನ್ ಆಯಿಲ್ ನಮ್ಮ ಮನೆಯ ಡಿಸೆಂಬರ್ ತಿಂಗಳ ಕೊಬ್ಬರಿ ಎಣ್ಣೆ ತರ ಮಂದ ಆಗಿರುತ್ತದೆ. ಅಂದರೆ ತಿರುಗಿಸಲು ಶಕ್ತಿ ಜಾಸ್ತಿ ಬೇಕು, ಕೊಡುವ ಬ್ಯಾಟರಿಯಲ್ಲಿ ಉಳಿದಿರುವುದೇ ಅರ್ಧ. ಅದರ ಮೇಲೆ ನೀನು ರೂಮಿನಿಂದ ಕೆಲಸದ ಸೈಟಿಗೆ ಹೋಗುವುದು ಐದು ನಿಮಿಷ. ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜ್ ಅಷ್ಟರಲ್ಲಿ ವಾಪಸ್ ತುಂಬುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಸಾಲ. ನೀನು ಹಾಕಿಸಿಕೊಂಡಿರುವ ಆ ಫಾಗ್ ಲೈಟು, ಮೊಬೈಲ್ ಚಾರ್ಜರು ಬೇರೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಅಲ್ಲಿನ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಖಾಲಿ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಒಳಗೆ ಐಸ್ ಆಗಿ ಡಬ್ಬಿ ಉಬ್ಬಿಕೊಳ್ಳುತ್ತದೆ. ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಅದಕ್ಕೆ ಚಾರ್ಜರ್ ಹಾಕಲೇಬೇಡ, ಹೊಸದು ತಗೋ.

ಹಾಗಾಗಿ ಬೆಳಿಗ್ಗೆ ಎದ್ದು ಬೈಕಿನ ಜೊತೆ ಕುಸ್ತಿ ಆಡುವುದನ್ನು ಬಿಡು, ರಾತ್ರಿಯೇ ಬ್ಯಾಟರಿ ಬಿಚ್ಚು. ಮೊದಲು ಮೈನಸ್ ವೈರು, ಆಮೇಲೆ ಪ್ಲಸ್ಸು. ಹಾಕುವಾಗ ಉಲ್ಟಾ, ಪ್ಲಸ್ ಮೊದಲು. ರೂಮಿನ ಒಳಗೆ ಇಡು, ಬುಖಾರಿಯಿಂದ (ರೂಮು ಬಿಸಿ ಮಾಡುವ ಒಲೆ) ಮಾತ್ರ ದೂರ ಇರಲಿ. ರೂಮಿನ ಬಿಸಿಗೆ ಬಂದ ಮೇಲೆ ಚಾರ್ಜ್ ಮಾಡು, ತಣ್ಣಗಿರುವಾಗ ಬೇಡ. ಅಲ್ಲಿ ಚಳಿಗಾಲದಲ್ಲಿ ಬೈಕ್ ಓಡಿಸುವವರು ದಿನಾ ಮಾಡುವ ಕೆಲಸ ಇದು, ಕೈ ಪಳಗಿದರೆ ಹತ್ತು ನಿಮಿಷ ಸಾಕು. ಬೈಕನ್ನು ಗೋಡೆ ಮರೆಯಲ್ಲಿ, ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ ನಿಲ್ಲಿಸು, ಮೇಲೆ ಹಳೇ ಕಂಬಳಿ ಹೊದಿಸು. ಟ್ಯಾಂಕ್ ಫುಲ್ ಇರಲಿ. ಖಾಲಿ ಜಾಗ ಇದ್ದರೆ ಒಳಗೆ ತೇವ ಕಟ್ಟಿ ನೀರಾಗುತ್ತದೆ, ಆ ನೀರು ಪೈಪಿನಲ್ಲಿ ಐಸ್ ಆಗುತ್ತದೆ.

ಬೆಳಿಗ್ಗೆ ಬಿಸಿ ಬ್ಯಾಟರಿ ಹಾಕು. ಕೀ ಆನ್ ಮಾಡಿ ಬೈಕಿನೊಳಗಿನ ಪೆಟ್ರೋಲ್ ಪಂಪಿನ ಜುಂಯ್ ಶಬ್ದ ನಿಲ್ಲುವವರೆಗೆ ಕಾಯಿ. ನ್ಯೂಟ್ರಲ್‌ನಲ್ಲಿದ್ದರೂ ಕ್ಲಚ್ ಪೂರ್ತಿ ಹಿಡಿ, ಮಂದ ಆಯಿಲಿನಲ್ಲಿ ಗೇರ್‌ಬಾಕ್ಸ್ ತಿರುಗಿಸುವ ಹೊರೆ ತಪ್ಪುತ್ತದೆ. ಐದು ಸೆಕೆಂಡ್ ಸೆಲ್ಫ್ ಒತ್ತು, ಅರ್ಧ ನಿಮಿಷ ಬಿಡು, ಮತ್ತೆ ಒತ್ತು. ರೇಸ್ ಕೊಡಬೇಡ! ನಿನ್ನದು ಬಿಎಸ್ 6 (ಹೊಸ ಹೊಗೆ ನಿಯಮದ) ಬೈಕು, ಚೋಕ್ ಇಲ್ಲ. ಇಂಜಿನ್ ಎಷ್ಟು ತಣ್ಣಗಿದೆ ಅಂತ ಸೆನ್ಸರ್ ನೋಡಿ ಕಂಪ್ಯೂಟರೇ ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಯಾಕೆಂದರೆ ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ, ಚಳಿಯಲ್ಲಿ ಆವಿ ಆಗುವುದೇ ಕಮ್ಮಿ. ನೀನು ಆಕ್ಸಿಲರೇಟರ್ ತಿರುವಿದರೆ ಗಾಳಿ ನುಗ್ಗಿ ಅದರ ಲೆಕ್ಕ ತಪ್ಪುತ್ತದೆ. ತಳ್ಳಿ ಸ್ಟಾರ್ಟ್ ಮಾಡುವ ಯೋಚನೆಯೂ ಬೇಡ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪೇ ಓಡುವುದಿಲ್ಲ, ಐಸ್ ಮೇಲೆ ಜಾರಿ ಬಿದ್ದರೆ ಮೊಣಕಾಲೂ ಹೋಗುತ್ತದೆ.

ಹಳೇ ಬುಲೆಟ್ ಆಗಿದ್ದರೆ ಬೇರೆಯೇ ಮಜಾ ಬಿಡು. ಕೀ ಹಾಕದೆ ನಾಲ್ಕು ಸಲ ಕಿಕ್ ಹೊಡೆದು ಆಯಿಲ್ ಸಡಿಲ ಮಾಡಿ, ಚೋಕ್ ಎಳೆದು, ಕೀ ಆನ್ ಮಾಡಿ ಕಿಕ್ಕನ್ನು ಮೆಲ್ಲಗೆ ಒತ್ತುತ್ತಾ ಆಂಪಿಯರ್ ಮುಳ್ಳು ಮಧ್ಯಕ್ಕೆ ತಂದು, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಒತ್ತಿ ಕಿಕ್ಕನ್ನು ಇನ್ನೊಂದು ಚೂರು ಇಳಿಸಿ, ಆಮೇಲೆ ಮೈಭಾರ ಪೂರ್ತಿ ಹಾಕಿ ಒಂದು ಕಿಕ್. ಆದರೆ ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ, ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗ ಮಾತ್ರ. ಹಾಗಾಗಿ ಸ್ಟಾರ್ಟ್ ಆದ ಕೂಡಲೇ ಚೋಕ್ ಒಳಗೆ ತಳ್ಳದಿದ್ದರೆ ಪ್ಲಗ್ ಕಪ್ಪು ಮಸಿ ಕಟ್ಟಿ ಕೂರುತ್ತಿತ್ತು.

ಸ್ಟಾರ್ಟ್ ಆದ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಟ್ಟು, ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಹೋಗು. ಶೆಡ್ಡಿನ ಬಾಗಿಲು ಹಾಕಿಕೊಂಡು ಮಾತ್ರ ಇಂಜಿನ್ ಓಡಿಸಬೇಡ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗುವುದರೊಳಗೆ ಪ್ರಾಣ ಹೋಗುತ್ತದೆ.

ಅತ್ತಿಗೆ, ನೀವು ಬೈಕ್ ಮಾರಿಬಿಡು ಅಂದಿರಿ. ಮಾರುವುದು ಬೇಡ, ಆದರೆ ಹಿಮ ಬಿದ್ದ ಮರುದಿನ ಟ್ಯಾಕ್ಸಿಯಲ್ಲೇ ಹೋಗಲಿ. ರಸ್ತೆ ಮೇಲೆ ತೆಳ್ಳಗೆ ಐಸ್ ಕಟ್ಟಿದ್ದರೆ ಕಣ್ಣಿಗೇ ಕಾಣುವುದಿಲ್ಲ, ಅದರ ಮೇಲೆ ಸಾಮಾನ್ಯ ಟೈರು ನಿಲ್ಲುವುದಿಲ್ಲ. ಇದರಲ್ಲಿ ನಾನು ನಿಮ್ಮ ಪಾರ್ಟಿ.

ಪುಟ್ಟು, ಆಯಿಲ್ ಡಬ್ಬಿ ಮೇಲೆ ಡಬ್ಲ್ಯೂ ಅಕ್ಷರದ ಮುಂಚೆ ಯಾವ ನಂಬರ್ ಇದೆ ನೋಡು. 20 ಇದ್ದರೆ ಆ ದರ್ಜೆಗೆ ಪರೀಕ್ಷೆ ಮಾಡುವುದೇ ಮೈನಸ್ 15ರಲ್ಲಿ, 15 ಇದ್ದರೆ ಮೈನಸ್ 20, 10 ಇದ್ದರೆ ಮೈನಸ್ 25. ಅಂದರೆ ನಂಬರ್ ಸಣ್ಣದಾದಷ್ಟೂ ಚಳಿಗೆ ಒಳ್ಳೆಯದು. ಬೈಕಿನ ಪುಸ್ತಕದಲ್ಲಿ 10ಕ್ಕೆ ಒಪ್ಪಿಗೆ ಇದ್ದರೆ ಅದಕ್ಕೇ ಬದಲಾಯಿಸು. ಕಾರಿನ ಆಯಿಲ್ ಹಾಕಬೇಡ, ಕ್ಲಚ್ ಜಾರಬಹುದು. ಸೈಟಿನಲ್ಲಿ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇರುತ್ತದಲ್ವಾ, ಬ್ಯಾಟರಿ ವೋಲ್ಟ್ ನೋಡಿಸು. 12.6 ಬಂದರೆ ಚೆನ್ನಾಗಿದೆ, 12ಕ್ಕಿಂತ ಕೆಳಗೆ ಅಂದರೆ ಖಾಲಿ. ಎರಡೂ ನಂಬರ್ ಇಲ್ಲಿ ಹಾಕು, ಬ್ಯಾಟರಿಯ ಫೋಟೋನೂ ಒಂದು ಕಳಿಸು.