ಸಹಾಯ ಬೇಕು: ಪೋಕಹಾಂಟಸ್ ಕೌಂಟಿಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಪೋಕಹಾಂಟಸ್ ಕೌಂಟಿಗೆ ಮೂರು ದಿನ ಹೋಗುತ್ತಿದ್ದೇವೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಜೊತೆಗೆ ಒಂಬತ್ತು ವರ್ಷದ ಮಗಳು.

ಮೊದಲ ಚಿಂತೆ ಫೋನಿನದು. ಗ್ರೀನ್ ಬ್ಯಾಂಕ್‌ನಲ್ಲಿ 100 ಮೀಟರ್ ಅಗಲದ ದೊಡ್ಡ ರೇಡಿಯೋ ದೂರದರ್ಶಕ ಇದೆಯಲ್ಲ, ಅಲ್ಲಿನ ವೀಕ್ಷಣಾಲಯಕ್ಕಾಗಿ 1958ರಿಂದಲೂ ಆ ಸುತ್ತಮುತ್ತ ರೇಡಿಯೋ ತರಂಗಗಳಿಗೆ ಕಡಿವಾಣ, ಹಾಗಾಗಿ ಫೋನ್ ಸಿಗ್ನಲ್ ಸಿಗುವುದೇ ಕಷ್ಟ. ಹೋದ ವರ್ಷ ಆ ಕಡೆ ಹೋದಾಗ ಒಂದು ಕವಲು ದಾರಿಯಲ್ಲಿ ಮ್ಯಾಪ್ ಸುಮ್ನೆ ನಿಂತೇಬಿಟ್ಟಿತು. ಕೊನೆಗೆ ಹುಲ್ಲು ಕತ್ತರಿಸುತ್ತಿದ್ದ ಒಬ್ಬ ಅಜ್ಜ ಕೈ ತೋರಿಸಿ ದಾರಿ ಹೇಳಿದರು! ಈ ಸಲ ಕಾಗದದ ಮ್ಯಾಪೇ ಗತಿ. ಒಳ್ಳೆಯದು ಎಲ್ಲಿ ಸಿಗುತ್ತದೆ?

ಎರಡನೆಯದು ಸೈಕಲ್. ಗ್ರೀನ್‌ಬ್ರಯರ್ ನದಿ ಪಕ್ಕದ ಹಳೇ ರೈಲು ದಾರಿ ಈಗ 78 ಮೈಲಿಯ ಟ್ರೇಲ್ (ನಡಿಗೆ, ಸೈಕಲ್ ದಾರಿ). ಕ್ಯಾಸ್‌ನಿಂದ ಮಾರ್ಲಿಂಟನ್‌ವರೆಗಿನ ಸುಮಾರು 24 ಮೈಲಿ ಮಾತ್ರ ನಮ್ಮ ಯೋಚನೆ. ನದಿ ಹರಿಯುವ ದಿಕ್ಕೇ ಆದ್ದರಿಂದ ಇಳಿಜಾರು, ಮಗುವಿಗೆ ಜಾಸ್ತಿ ಕಷ್ಟ ಆಗಲಾರದು ಅಲ್ವಾ? ಜಲ್ಲಿ ಹೇಗಿದೆ, ಸಣ್ಣ ಚಕ್ರ ಹೂತುಕೊಳ್ಳುತ್ತದಾ?

ಅಪ್ಪನಿಗೆ ಕ್ಯಾಸ್‌ನ ಉಗಿ ರೈಲೇ ಬೇಕು. ಅದು ಹತ್ತುವ ಬಾಲ್ಡ್ ನಾಬ್ ಬೆಟ್ಟ 4,800 ಅಡಿಗಿಂತ ಎತ್ತರ, ಮೇಲೆ ಚಳಿ ಎಷ್ಟಿರುತ್ತದೆ? ಅಮ್ಮನಿಗೆ ಮಂಡಿ ನೋವು, ಹಾಗಾಗಿ ಕ್ರ್ಯಾನ್‌ಬೆರಿ ಗ್ಲೇಡ್ಸ್ ಎಂಬ ಜವುಗು ಪ್ರದೇಶದ ಅರ್ಧ ಮೈಲಿ ಹಲಗೆ ದಾರಿ ಸಾಕು. ಹುಳ ಹಿಡಿಯುವ ಗಿಡ ನೋಡಬೇಕೆಂದು ಮಗಳ ಹಠ. ಆ ಹೊತ್ತಿಗೆ ಕಾಣುತ್ತವಾ?

ಸಸ್ಯಾಹಾರದ ಊಟದ ಬಗ್ಗೆ ಕೇಳುವುದಿಲ್ಲ, ಅವಲಕ್ಕಿ ಚಟ್ನಿಪುಡಿ ಕಟ್ಟಿಕೊಂಡೇ ಹೊರಡುತ್ತೇವೆ.